ಸಣ್ಣಸ್ವಾಮಿಯ ಎದೆಯ ಸದ್ದು

ಏನೂ ಕೇಳಿಸಲಿಲ್ಲ.

ಚಂದನಾ ಸ್ಟೆತಾಸ್ಕೋಪನ್ನು ಎದೆಯ ಎಡಭಾಗದಲ್ಲಿ ಇನ್ನೊಂದಿಷ್ಟು ಕೆಳಕ್ಕೆ ಸರಿಸಿದಳು. ಲಬ್-ಡಬ್, ಲಬ್-ಡಬ್. ಎಲ್ಲರ ಹೃದಯವೂ ಮಾಡುವ ಸದ್ದು, ಅಷ್ಟೇ. ಆದರೆ ಆ ಎರಡರ ನಡುವೆ ಇರಬೇಕಾದ ಸದ್ದು, ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ನುಗ್ಗುವ ಆ ಸೊಂಯ್ ಎಂಬ ಸದ್ದು, ಎಲ್ಲಿ?

ಇರಲೇಬೇಕು. ಮಲಗಿರುವವನು ಸಣ್ಣಸ್ವಾಮಿ. ಕುಶಾಲನಗರದ ಹೊರಗಿನ ಆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸಣ್ಣಸ್ವಾಮಿ ಎಂದರೆ ಒಂದು ಪಾಠವಿದ್ದಂತೆ. ವರ್ಷಕ್ಕೊಮ್ಮೆ, ಅಂತಿಮ ಪರೀಕ್ಷೆಯ ದಿನ, ಹಳ್ಳಿಯಿಂದ ಕರೆಸಿ ಮಂಚದ ಮೇಲೆ ಮಲಗಿಸುತ್ತಿದ್ದರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಅವನ ಎದೆ ಆಲಿಸಿ ಕಾಯಿಲೆ ಯಾವುದೆಂದು ಹೇಳಬೇಕು. “ಸಣ್ಣಸ್ವಾಮಿ ಸಿಕ್ಕರೆ ಪಾಸಾದ ಹಾಗೆ” ಎಂದು ಹಾಸ್ಟೆಲಿನಲ್ಲಿ ಸೀನಿಯರುಗಳು ಧೈರ್ಯ ಹೇಳುತ್ತಿದ್ದರು. “ಅವನ ಎದೆ ಕಿವುಡರಿಗೂ ಕೇಳಿಸ್ತದೆ.”

ಚಂದನಾಳಿಗೆ ಕೇಳಿಸುತ್ತಿರಲಿಲ್ಲ. ಇದು ಹೊಸತೂ ಅಲ್ಲ. ಒಮ್ಮೆ ವಾರ್ಡಿನಲ್ಲಿ ಇಂಥದೇ ಸದ್ದು ಹಿಡಿಯಲಾಗದೆ ನಿಂತಾಗ ಪಾಠ ಹೇಳುವ ಡಾಕ್ಟರ್ ಮಂಜೇಶ್ ಎಲ್ಲರೆದುರು ಕೇಳಿದ್ದರು: “ಕಿವಿಗೆ ಹತ್ತಿ ತುರುಕಿಕೊಂಡು ಬಂದಿದ್ದೀಯಾ?” ಅಂದಿನಿಂದ ಅವಳಿಗೆ ಅದೇ ಕೊರಗು. ಯಾರಿಗೂ ಹೇಳದೆ ಮಡಿಕೇರಿಗೆ ಹೋಗಿ ಕಿವಿ ತೋರಿಸಿಕೊಂಡು ಬಂದಿದ್ದಳು. ಕಿವಿ ಚೆನ್ನಾಗಿದೆ ಎಂದರು. ಅವಳು ನಂಬಲಿಲ್ಲ.

ಅವಳಿಗಿಂತ ಮೊದಲು ಮುಗಿಸಿ ಹೊರಬಂದಿದ್ದ ಸಹಪಾಠಿ ಕೀರ್ತಿಕುಮಾರ್ ಕಣ್ಣು ಮಿಟುಕಿಸಿದ್ದ. “ಕಿವಿ ತೂತು ಬೀಳೋ ಹಾಗೆ ಕೇಳ್ತದೆ ಮಾರಾಯ್ತಿ.” ಅವನ ಹಿಂದೆ ಬಂದ ಲೋಹಿತ್ ಕೂಡ ಹೌದೆಂದು ತಲೆಯಾಡಿಸಿದ್ದ, ಸ್ವಲ್ಪ ತಡವಾಗಿ.

ಮಲಗಿದ್ದವನು ಕತ್ತೆತ್ತಿದ. ಬಿಸಿಲಿಗೆ ಕಪ್ಪಾದ ಗಟ್ಟಿಮುಟ್ಟು ಆಳು. ಉಗುರಿನ ಸಂದಿಯಲ್ಲಿ ಶುಂಠಿ ಹೊಲದ ಮಣ್ಣು ಇನ್ನೂ ಹಸಿಯಾಗಿತ್ತು.

“ಅವ್ವಾ, ನಾನೊಂದು ಮಾತು ಹೇಳ್ಬೇಕಿತ್ತು.”

ಚಂದನಾ ಬಾಗಿಲ ಕಡೆ ನೋಡಿದಳು. ಸೀನಿಯರುಗಳು ಇದನ್ನೂ ಹೇಳಿದ್ದರು. ಪರೀಕ್ಷೆಗೆ ಮಲಗಿ ಮಲಗಿ ಪಳಗಿದ ರೋಗಿಗಳು, ಪಾಪ ಹುಡುಗರು ಪಾಸಾಗಲಿ ಎಂದು, ತಮ್ಮ ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲೇ ಪಿಸುಗುಟ್ಟುತ್ತಾರಂತೆ. ಈ ಸುತ್ತಿನಲ್ಲಿ ರೋಗಿಯ ಜೊತೆ ಮಾತೇ ಆಡುವಂತಿಲ್ಲ. ನೋಡಬೇಕು, ಮುಟ್ಟಬೇಕು, ಆಲಿಸಬೇಕು.

“ಹೇಳ್ಬೇಡಿ,” ಎಂದಳು ದನಿ ತಗ್ಗಿಸಿ. “ದಮ್ಮಯ್ಯ, ಹೇಳ್ಬೇಡಿ. ನಾನೇ ಕಂಡುಹಿಡೀತೀನಿ.”

“ಅದಲ್ಲ ಕಣವ್ವ, ಬಂದಾಗ್ಲಿಂದ ಎಲ್ರಿಗೂ...”

“ಸುಮ್ನೆ ಮಲಗಿ ಅಂತ ಎಷ್ಟು ಸಲ ಹೇಳೋದು?” ಬಾಗಿಲ ಬಳಿಯಿಂದ ಸಿಸ್ಟರ್ ವಿಮಲಮ್ಮ ಗದರಿದರು. ಅವನು ಎತ್ತಿದ್ದ ಕತ್ತನ್ನು ಮತ್ತೆ ದಿಂಬಿಗಿಟ್ಟ.

ಚಂದನಾಳಿಗೆ ಒಂದು ಬಗೆಯ ಸಮಾಧಾನವಾಯಿತು. ಕದ್ದ ಉತ್ತರ ತನಗೆ ಬೇಡ. ಮತ್ತೆ ಕಣ್ಣು ಮುಚ್ಚಿ ಆಲಿಸಿದಳು. ಲಬ್-ಡಬ್. ಲಬ್-ಡಬ್.

ಡಾಕ್ಟರ್ ಮಂಜೇಶ್ ಬಂದು ನಿಂತರು. ಜೊತೆಗೆ ಮೈಸೂರಿನಿಂದ ಬಂದ ಪರೀಕ್ಷಕರು. “ಹೇಳಮ್ಮ, ಏನು ಕೇಳಿಸ್ತು?”

‘ಏನೂ ಇಲ್ಲ ಸರ್’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಎಲ್ಲವೂ ಕಣ್ಣ ಮುಂದೆ ಬಂತು: ಫೇಲು, ಅದೇ ವಾರ್ಡು, ಅದೇ ಹತ್ತಿಯ ಮಾತು, ಕಿರಿಯರ ನಗು. ಇಬ್ಬರಿಗೆ ಕೇಳಿಸಿದ್ದು ತನಗೊಬ್ಬಳಿಗೇ ಕೇಳಿಸದೆ ಹೋಗುವುದುಂಟೆ?

ಬಾಯಿ ಬೇರೆಯದನ್ನೇ ಹೇಳಿತು. ಸದ್ದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಯಾವ ಕವಾಟ ಸೋರುತ್ತಿದೆ ಎಂಬುದನ್ನೆಲ್ಲ ಪುಸ್ತಕದಲ್ಲಿ ಇದ್ದ ಹಾಗೇ ಒಪ್ಪಿಸಿದಳು.

“ಎಲ್ಲಿಗೆ ಹರಡ್ತದೆ?”

“ಎಡಗಂಕುಳಿಗೆ ಸರ್.”

“ಸ್ಪಷ್ಟವಾಗಿ ಕೇಳಿಸ್ತಾ?”

“ಸ್ಪಷ್ಟವಾಗಿ ಸರ್.”

ಮೈಸೂರಿನವರು ತಮ್ಮ ಸ್ಟೆತಾಸ್ಕೋಪನ್ನು ಆ ಎದೆಗೆ ಸೋಕಿಸಿ ತೆಗೆದರು. “ಕ್ಲಾಸಿಕ್,” ಎಂದರು.

“ಹಾರಂಗಿ ಡ್ಯಾಮಿನ ಗೇಟು ತೆಗೆದ ಹಾಗಿಲ್ವಾ ಸರ್!” ಡಾಕ್ಟರ್ ಮಂಜೇಶ್ ಹಿಗ್ಗಿನಿಂದ ರೋಗಿಯ ಭುಜ ತಟ್ಟಿದರು. “ಈ ಸಲ ಮುಖದಲ್ಲಿ ಕಳೆ ಬಂದಿದೆ ಸಣ್ಣಸ್ವಾಮಿ. ಮಾತ್ರೆ ಸರಿಯಾಗಿ ನುಂಗ್ತಿದ್ದೀಯ ಅನ್ನಿಸುತ್ತೆ.” ಆಮೇಲೆ ಚಂದನಾಳ ಕಡೆ ತಿರುಗಿ, “ವೆರಿ ಗುಡ್” ಎಂದರು. ಓದಲು ಬಂದಾಗಿನಿಂದ ಅವರ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

ಮಂಚದ ಮೇಲಿದ್ದವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಪಕ್ಕದ ಮಂಚಕ್ಕೆ ಹೋಗಿಯಾಗಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಚಂದನಾಳಿಗೆ ತುತ್ತು ಇಳಿಯಲಿಲ್ಲ. ಎದ್ದು ವಾರ್ಡಿಗೆ ಬಂದಳು. ಅವನು ಮಂಚದಂಚಿಗೆ ಕೂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ಇನ್ನೊಂದು ಸಲ ಕೇಳ್ಲಾ? ಪರೀಕ್ಷೆಗಲ್ಲ. ನನಗೋಸ್ಕರ.”

ಅವನು ಗುಂಡಿ ಬಿಚ್ಚಿದ. ಅವಳು ಬಹಳ ಹೊತ್ತು ಆಲಿಸಿದಳು. ಎಡಕ್ಕೆ, ಕೆಳಕ್ಕೆ, ಕಂಕುಳಿನವರೆಗೂ. ಲಬ್-ಡಬ್. ಗಡಿಯಾರದಷ್ಟು ಚೊಕ್ಕ. ಕೊನೆಗೆ ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದಾಗ ಅವಳ ಕಣ್ಣು ತುಂಬಿತ್ತು.

“ನನ್ನ ಕಿವೀಲೇ ಏನೋ ದೋಷ ಇದೆ. ನಾನು ಸುಳ್ಳು ಹೇಳ್ದೆ. ಎಲ್ರಿಗೂ ಕೇಳಿಸ್ತು, ನಂಗೊಬ್ಳಿಗೇ ಕೇಳಿಸ್ಲಿಲ್ಲ.”

“ಎಲ್ರಿಗೂ ಕೇಳಿಸ್ತಾ?” ಅವನ ಕೈ ಗುಂಡಿಯ ಮೇಲೇ ನಿಂತಿತು. “ಆ ಮೈಸೂರ್ ಡಾಕ್ಟ್ರಿಗೂ?”

“ಹೂಂ. ಎಲ್ರಿಗೂ.”

ಅವನು ಅಂಗೈಯನ್ನು ಎದೆಯ ಎಡಭಾಗಕ್ಕೆ ಒತ್ತಿ ಹಿಡಿದ.

“ಸಣ್ಣಸ್ವಾಮಿನ ಕಳ್ಸಿ ಅಂತ ಫೋನ್ ಮಾಡಿದ್ರಿ, ಅಣ್ಣ ಯುಗಾದಿಗೆ ಮುಂಚೇನೇ ತೀರ್ಕಂಡ ಅಂತ ಹೇಳಿ ಹೋಗಾನ ಅಂತ ಬಂದೆ ಕಣವ್ವ, ನನ್ನೇ ಅಂಗಿ ಬಿಚ್ಸಿ ಮಲಗಿಸ್ಬುಟ್ರು... ಹಂಗಾರೆ ನಂಗೂ ಅದೇ ಐತಾ?”