ತೂಕಕ್ಕೆ ನಿಂತ ಹುಡುಗರು

"ಸಾಹೇಬ್ರ, ಸಾಲ್ಯಾಗ ಹುಡುಗ್ರಿಗೆ ಕೊಡೋ ತತ್ತಿ ಯಾಕ ಬಂದ್ ಮಾಡಿಸಿದ್ರಿ?"

ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಿದವಳು ಬಿಸಿಯೂಟದ ಅಡುಗೆಯ ಹುಲಿಗೆವ್ವ. ವೇದಿಕೆಯ ಮೇಲಿದ್ದ ಸಂಸದರಿಗೆ ಮೈಯೆಲ್ಲ ಉರಿದುಹೋಯಿತು. ಆ ಮೊಟ್ಟೆಯ ಹಣವನ್ನು ಫಿರಂಗಿಗೆ ಕೊಡಬೇಕೆಂದು ದಿಲ್ಲಿಯಲ್ಲಿ ಮೇಜು ಕುಟ್ಟಿ ಮಾತಾಡಿದವರೇ ಅವರು.

"ಗಡಿ ಮ್ಯಾಲ ವೈರಿ ನಿಂತಾನ, ನಿನಗ ತತ್ತಿ ಚಿಂತಿ! ಹೇಳ್ರೆಪಾ, ಫಿರಂಗಿ ಬೇಕೋ, ತತ್ತಿ ಬೇಕೋ?"

"ಫಿರಂಗಿ!" ಎಂದು ಸಭೆ ಕೂಗಿತು.

"ಇದನ್ನ ಹಸದ ಹುಡುಗ್ರ ಮುಂದ ಬಂದು ಹೇಳ್ರಿ!" ಎಂದು ಹುಲಿಗೆವ್ವ ಕಿರುಚುತ್ತಿದ್ದಂತೆಯೇ ಅವಳನ್ನು ಹೊರಗೆ ದಬ್ಬಿದರು.

ಹತ್ತು ವರ್ಷದ ಮೇಲೆ ಅದೇ ಊರಿನ ಮೈದಾನದಲ್ಲಿ ಸೈನ್ಯದ ಭರ್ತಿ ನಡೆಯಿತು. ಸಂಸದರೇ ಓಡಾಡಿ ತರಿಸಿದ ಭರ್ತಿ. ಆಯ್ಕೆಯಾದ ಹುಡುಗರಿಗೆ ಹಾಕಲು ಹಾರಗಳನ್ನು ಹೊರಿಸಿಕೊಂಡು ಬಂದರೆ, ಊರಿನ ಹುಡುಗರೆಲ್ಲ ತಲೆ ತಗ್ಗಿಸಿಕೊಂಡು ಗೇಟಿನ ಹೊರಗೆ ನಿಂತಿದ್ದರು.

"ನಮ್ಮೂರಾಗ ಒಬ್ಬನೂ ಪಾಸಾಗಿಲ್ಲಂದ್ರ ಏನ್ರೀ ಇದು?" ಎಂದು ಸಂಸದರು ಸೈನ್ಯದ ಅಧಿಕಾರಿಯ ಮೇಲೆ ಹರಿಹಾಯ್ದರು.

"ಓಟದಲ್ಲಿ ಗೆದ್ದರು ಸರ್. ಆದರೆ ತೂಕ ಸಾಲಲಿಲ್ಲ, ಎದೆ ಉಬ್ಬಲಿಲ್ಲ. ತೂಕಕ್ಕೆ ನಿಲ್ಲುವ ಮುಂಚೆ ಡಜನ್‌ಗಟ್ಟಲೆ ಬಾಳೆಹಣ್ಣು ತಿಂದರು, ಹೊಟ್ಟೆ ಬಿರಿಯ ನೀರು ಕುಡಿದರು. ಆದರೂ ಮುಳ್ಳು ಏಳಲಿಲ್ಲ. ಮೈಯೇ ಬೆಳೆದಿಲ್ಲ, ನಾವೇನು ಮಾಡೋಣ?"

ಇಡೀ ಕ್ಷೇತ್ರದೆದುರು ಮರ್ಯಾದೆ ಮಣ್ಣುಪಾಲಾಗಿತ್ತು. ಸಿಟ್ಟು ತಡೆಯಲಾರದೆ ಕೈಯಲ್ಲಿದ್ದ ಹಾರವನ್ನು ನೆಲಕ್ಕೆ ಬಿಸಾಡಿ ಸಂಸದರು ಹುಡುಗರತ್ತ ತಿರುಗಿದರು.

"ಥೂ! ಸಣ್ಣವರಿದ್ದಾಗ ನಿಮಗ ಯಾರೂ ಒಂದ್ ತತ್ತೀನೂ ತಿನ್ಸಿಲ್ಲೇನ್ರೋ?"