ಮೆತ್ತನೆಯ ಪದ

“ಟೀಚರ್, ನಾಳೆಯಿಂದ ನೀನು ಬರಲ್ವಾ?”

ಸಂಜೆಯ ಇಂಗ್ಲಿಷ್ ತರಗತಿಯೆಲ್ಲ ತಿರುಗಿ ನೋಡಿತು. ನರ್ಸಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ವರ್ಷವಿಡೀ ‘ನೀವು, ತಾವು’ ಎಂದು ನೀರಾಗುತ್ತಿದ್ದ ಬೀಗ ರಿಪೇರಿಯವನು ಟೀಚರನ್ನು ‘ನೀನು’ ಎಂದಿದ್ದ.

“ತಲೆ ನೆಟ್ಟಗಿದೆಯೇನೋ?” ಪಕ್ಕದಲ್ಲಿ ಕೂತಿದ್ದ ಬಸ್ ಕಂಡಕ್ಟರ್ ಪಿಸುಗುಟ್ಟಿದ.

“ಅವರೇ ಅಪ್ಪಣೆ ಕೊಟ್ಟಿದ್ದಾರೆ. ನಿನ್ನೆ.”

ಹೇಳಿ, ಜೇಬಿನ ಕೀಲಿಗೊಂಚಲನ್ನು ಬಿಗಿಯಾಗಿ ಹಿಡಿದ. ಇವತ್ತೇ ಕೊನೆಯ ತರಗತಿ. ನಾಳೆಯಿಂದ ಈ ಮೆಟ್ಟಿಲು ಹತ್ತಲು ನೆಪವಿಲ್ಲ, ಟೀಚರನ್ನು ನೋಡಲೂ ಇಲ್ಲ. ಇದ್ದ ನೆಪಗಳೆಲ್ಲ ಮುಗಿದಿದ್ದವು. ತರಗತಿಯ ಬಾಗಿಲಿನ ಕೆಡದ ಬೀಗವನ್ನು ಮೂರು ಸಲ ಬಿಚ್ಚಿ ಜೋಡಿಸಿದ್ದ. ನಿನ್ನೆಯಂತೂ ಅವಳ ಊಟದ ಡಬ್ಬಿಗೇ ಒಂದು ಪುಟ್ಟ ಬೀಗ ಕೂರಿಸಿದ್ದ.

ಅದರಿಂದಾಗಿ ಅವನಿಗೆ ನಿನ್ನೆಯ ಪಾಠ ತಪ್ಪಿತು. ರೂಢಿಗಿಂತ ಬೇರೆಯಾದದ್ದನ್ನು ಹೇಳುವ ಪದಗಳ ಪಾಠವಂತೆ: ಆಡ್, ಪೆಕ್ಯುಲಿಯರ್, ವಿಯರ್ಡ್. ಯಾರಿಗೂ ಮುಖದ ಮೇಲೆ ಹಾಗೆನ್ನಬಾರದು, ಅದಕ್ಕೊಂದು ಮೆತ್ತನೆಯ ಪದವಿದೆ ಎಂದೂ ಟೀಚರ್ ಹೇಳಿದ್ದಳಂತೆ. ಆಗ ಅವನು ಹೊರಗೆ ಡಬ್ಬಿಗೆ ತೂತು ಕೊರೆಯುತ್ತಿದ್ದ.

“ಇದಕ್ಯಾಕೆ ಬೀಗ?” ಎಂದು ಕೇಳಿದ್ದಳು.

“ಯಾರಾದ್ರೂ ತಿಂದ್ಬಿಟ್ರೆ, ನೀವು ಹಸ್ಕೊಂಡಿರ್ಬೇಕಲ್ವಾ.”

ಅವಳು ಕೈಯಲ್ಲಿದ್ದ ಕೀಲಿಯನ್ನೇ ನೋಡುತ್ತ ನಿಂತಳು. ಆಮೇಲೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದಳು. ಮೂರೇ ಪದ. ಕೊನೆಯದಂತೂ ಮೊದಲ ವಾರವೇ ಕಲಿತದ್ದು. ಆದರೂ ಅವನು ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದ, ನಂಬಿಕೆ ಬಾರದೆ ಮತ್ತೊಮ್ಮೆ ನೋಡಿದ. ತಪ್ಪಿರಲಿಲ್ಲ.

ಈಗ ಅವಳ ಕಿವಿ ಕೆಂಪಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಯಾರೂ ‘ನೀನು’ ಎಂದಿರಲಿಲ್ಲ. ಅವಳು ಚಾಕ್ ಕೆಳಗಿಟ್ಟಳು.

“ಬರ್ತೀನಿ,” ಎಂದಳು. “ಎಲ್ಲಿಗೆ ಅಂತ ನೀನೇ ಹೇಳು.”

ಕಂಡಕ್ಟರ್ ಅಭ್ಯಾಸಬಲದಿಂದ ಸೀಟಿ ಹೊಡೆದ.

ಮದುವೆಯಾಗಿ ಎಷ್ಟೋ ದಿನದ ಮೇಲೆ, ಡಬ್ಬಿಗೆ ಅನ್ನ ತುಂಬುತ್ತ ಅವಳು ಕೇಳಿದಳು: “ನೀನು ನೆರಳಿಗೂ ಹೆದರೋನು. ಅವತ್ತು ಅಷ್ಟು ಧೈರ್ಯ ಎಲ್ಲಿಂದ ಬಂತು?”

“ನೀನೇ ಅಂದ್ಯಲ್ಲ, ‘ಯು ಆರ್ ಸಿಂಗ್ಯುಲರ್’ ಅಂತ. ಬಹುವಚನ ಬೇಡ, ಏಕವಚನ ಸಾಕು ಅಂತ ತಾನೇ?”

“ಮತ್ತಿನ್ನೇನು,” ಎಂದು ಅವಳು ಡಬ್ಬಿಗೆ ಬೀಗ ಹಾಕಿದಳು. ಅವನಿಗೆ ತಪ್ಪಿದ ಪಾಠದ ಮೆತ್ತನೆಯ ಪದ ಅದೇ ಎಂದು ಇವತ್ತಿಗೂ ಹೇಳಿಲ್ಲ.