ಚೀಲದೊಳಗಿನ ಗ್ಲಾಸು

ನೀರಿನ ಬಾಟಲಿ, ಕೊಡೆ, ಗುಳಿಗೆ ಎಲ್ಲ ತುಂಬಿದ್ದ ಹೆಗಲ ಚೀಲದೊಳಗೆ ಮಂಜವ್ವ ಒಂದು ಸ್ಟೀಲ್ ಗ್ಲಾಸನ್ನೂ ತುರುಕಿದಾಗ ಮಗಳು ವಿದ್ಯಾಳಿಗೆ ಸಿಟ್ಟು ನೆತ್ತಿಗೇರಿತು. ಮರುದಿನ ಇಬ್ಬರೂ ಬುದ್ಧ ಹುಟ್ಟಿದ ಲುಂಬಿನಿ ನೋಡಲು ನೇಪಾಳಕ್ಕೆ ಹೊರಡುವವರಿದ್ದರು.

"ಇದ್ಯಾಕ ಅವ್ವಾ?"

"ದಿನಪೂರ್ತಿ ತಿರುಗೂದೈತಿ. ಎಲ್ಲೆರ ಚಹಾ ಕುಡೀಬೇಕಾದ್ರ ನಮ್ಮದು ನಮ್ಮ ಕೈಯಾಗಿರ್ಲಿ. ನಮಗಂತ ಬ್ಯಾರೆ ಗ್ಲಾಸ ಹುಡುಕೂ ತ್ರಾಸ ಅವರಿಗೆ ಬ್ಯಾಡ."

"ಅಲ್ಲಿ ನಮ್ಮ ಕೇರಿ ಯಾವದಂತ ಕೇಳಾಕ ಯಾರದಾರ? ಆ ಕಾಲ ಹೋತು!" ವಿದ್ಯಾ ಗ್ಲಾಸನ್ನು ಕಿತ್ತು ಎಸೆದಳು. ಅದು ಹೊಸ್ತಿಲ ತನಕ ಉರುಳಿತು.

ಮಂಜವ್ವ ಅದನ್ನೆತ್ತಿ ಸೆರಗಿನಿಂದ ಒರೆಸಿದಳು. "ಹೋತೇನು? ಮೊನ್ನೆ ನೀ ಶಿಗ್ಗಾಂವಿ ಬಸ್ಸಿಗೆ ನಿಂತಾಗ ನಮ್ಮೂರ ಚಹಾದಂಗಡ್ಯಾಗ ಎಲ್ಲಾರಿಗೂ ಗಾಜಿನ ಗ್ಲಾಸ, ನಿನಗೊಬ್ಬಾಕಿಗೇ ಕಾಗದದ ಕಪ್ಪು. ಬಿಎ ಓದಿದಾಕಿ, ಸುಮ್ಮನ ಕುಡದು ಬಸ್ ಹತ್ತಿದಿ."

ಅವ್ವ ಅದನ್ನು ನೋಡಿದ್ದಳೆಂದು ವಿದ್ಯಾಳಿಗೆ ಗೊತ್ತಿರಲಿಲ್ಲ. ಡೈರಿಯಲ್ಲೂ ಬರೆಯಲಾಗದೆ ನುಂಗಿಕೊಂಡಿದ್ದ ಸಂಗತಿಯದು. ಚೀಲವನ್ನು ಅಲ್ಲಿಯೇ ಬಿಟ್ಟು ಎದ್ದಳು.

"ಚಪ್ಪಲಿ ಮೆಟ್ಟಿಕೋ ಅವ್ವಾ. ಲುಂಬಿನಿ ನಾಳೆ ನೋಡೂಣು. ಈಗ ಅದ ಅಂಗಡಿಗೆ ಹೋಗಿ ಇಬ್ಬರೂ ಚಹಾ ಕೇಳೂಣು, ಗಾಜಿನ ಗ್ಲಾಸಿನ್ಯಾಗ."